ಮಾವ ಮತ್ತು ಮೀನಿನ ಪಿಕಪ್

ನನ್ನ ಮಾವನ ಬಲಗೈಯ ನಡುಬೆರಳು ಎಂದೋ ಎತ್ತಿನ ಹಗ್ಗಕ್ಕೆ ಸಿಕ್ಕು ಡೊಂಕಾಗಿತ್ತು. ಆ ಬೆರಳು ಅಂಗೈಗೆ ಒತ್ತಿದರೆ ಎಷ್ಟು ಸಾವಿರ ಎಂಬುದು ವಿಜಯಪುರದ ಕಡೆಯ ದನದ ಸಂತೆಗಳಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ದಲಾಲಿ ಅವರ ಕಸುಬು. ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬಾಯಿ ಬಿಡದೆ ದರ ಮುಗಿಸುತ್ತಿದ್ದರು. ‘ಕೊಳ್ಳಾಂವಗ ನಾಕ ಕಣ್ಣಿರಬೇಕು, ಮಾರಾಂವಗ ಒಂದ ನಾಲಿಗಿ’ ಎನ್ನುವುದು ಅವರ ಮಾತು. ಅತ್ತೆ ತೀರಿದ ಮೇಲೆ ದುಡಿಮೆಗೆಂದು ನಾವು ನೆಲೆಸಿದ್ದ ಕಡಲ ಸೀಮೆಯ ಕುಂಕಳ್ಳಿಗೆ, ನಮ್ಮ ಎರಡು ಖೋಲಿಯ ಮನೆಗೆ ಬಂದರು.

ನನ್ನ ಗಂಡ ಆಗ ಮಡಗಾಂವ ಮಾರ್ಕೆಟ್ಟಿನಿಂದ ಕಾಣಕೋಣದ ಹೋಟೆಲುಗಳಿಗೆ ಬಾಡಿಗೆ ಗಾಡಿಯಲ್ಲಿ ತರಕಾರಿ ಸಾಗಿಸುತ್ತಿದ್ದರು. ಸ್ವಂತದ್ದಾದರೆ ನಾಲ್ಕು ಕಾಸು ಉಳಿದೀತೆಂದು ಮಾವ ತಮ್ಮ ಗಂಟು ಬಿಚ್ಚಿದರು. ಬಂದರಿನ ಮೀನು ವ್ಯಾಪಾರಿಯೊಬ್ಬನ ಹಳೆಯ ಪಿಕಪ್ ಸಿಕ್ಕಿತು. ಮಾವ ಅದನ್ನು ಎತ್ತು ನೋಡಿದ ಹಾಗೆಯೇ ನೋಡಿದರು. ಟೈರು ಒತ್ತಿದರು, ಹೊಗೆ ಮೂಸಿದರು, ಒಂದು ಸುತ್ತು ಓಡಿಸಿ ಕುಂಟುತ್ತದೆಯೇ ಎಂದು ಗಮನಿಸಿದರು. ವ್ಯಾಪಾರಿಯ ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡಾಗ ಅವನು ಗಾಬರಿಯಾಗಿ ಬಿಡಿಸಿಕೊಂಡನಂತೆ. ಗಾಡಿ ಮಾವನ ಹೆಸರಿಗಾಯಿತು. ಅದರ ಅಡಿಗೆ ಆ ವ್ಯಾಪಾರಿ ಮೊದಲೇ ಹೊಸ ಕಪ್ಪು ಬಣ್ಣ ಬಳಿಸಿಟ್ಟಿದ್ದ. ನಮ್ಮ ಒಣ ಸೀಮೆಯಲ್ಲಿ ಅಜ್ಜನ ಕಾಲದ ಕುಡಗೋಲು ಮೊಮ್ಮಗನ ಕಾಲಕ್ಕೂ ಬಾಳುತ್ತದೆ. ಕಬ್ಬಿಣವೂ ಕೊಳೆಯುತ್ತದೆಂದು ಮಾವನಿಗೆ ಯಾರು ಹೇಳಬೇಕಿತ್ತು? ಮೀನಿನ ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಸೋರಿ ಗಾಡಿಯ ಹೊಟ್ಟೆಯನ್ನು ತಿಂದುಹಾಕಿತ್ತು.

ಮೊದಲ ಮಳೆಗಾಲಕ್ಕೆ ರೇಡಿಯೇಟರ್ ಸೋರಿತು. ಆಮೇಲೆ ಕ್ಲಚ್ ಪ್ಲೇಟು. ಕಾರ್ಖಾನೆಯಲ್ಲಿ ನಾನು ಡಬ್ಬಿ ತುಂಬಿ ತಂದ ಒಂದು ತಿಂಗಳ ಪಗಾರ ಅದಕ್ಕೇ ಹೋಯಿತು. ಭಾರ ಹೊರುವ ಹಿಂದಿನ ಸ್ಪ್ರಿಂಗ್ ಪಾಟಾ ಮುರಿಯಿತು, ಸೈಲೆನ್ಸರ್ ಕಳಚಿ ರಸ್ತೆಯಲ್ಲೇ ಉಳಿಯಿತು. ನಟ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದರಿಂದ ಸಾಮಾನಿಗಿಂತ ಬಿಚ್ಚುವ ಕೂಲಿಯೇ ಜಾಸ್ತಿಯಾಗುತ್ತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಮಾವ ಜೊತೆಗೆ ಹೋಗಿ, ಒಂದು ಮೂಲೆಯಲ್ಲಿ ಸುಮ್ಮನೆ ಕೂತು ಬರುತ್ತಿದ್ದರು. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಬರುವುದು ನಿಂತಿತು.

ಒಂದು ದಿನ ಕರ್ಮಲ ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಪೈಪ್ ಒಡೆಯಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಮಣ್ಣಿಗೆ ಗಾಡಿಯ ಮಗ್ಗುಲು ತಿಕ್ಕಿಸಿ ನಿಲ್ಲಿಸಿದೆ ಎಂದು ನನ್ನ ಗಂಡ ಊಟಕ್ಕೆ ಕೂತಾಗ ನಗುನಗುತ್ತಾ ಹೇಳಿದರು. ಹೊಸ ಪೈಪ್ ಹಾಕಿಸಿದ್ದೇನೆ, ಇನ್ನೇನೂ ಆಗದು ಎಂದರು. ಮಾವ ಅರ್ಧ ಊಟಕ್ಕೇ ಕೈ ತೊಳೆದರು.

ಮಾರನೆಯ ದಿನ ಗಂಡ ಗೆಳೆಯನ ಮದುವೆಗೆಂದು ಊರಿಗೆ ಹೋದರು. ಮಾವ ಗಾಡಿಯ ಅಡಿಗೆ ತೆವಳಿಕೊಂಡು ಹೋಗಿ ನನ್ನನ್ನು ಕರೆದರು. ಗಾಡಿಯ ಭಾರವೆಲ್ಲ ಹೊತ್ತ ಚಾಸಿಯ ಕಬ್ಬಿಣಕ್ಕೆ ಅವರು ಹೆಬ್ಬೆರಳು ಒತ್ತಿದರೆ ಅದು ಹಪ್ಪಳದ ಹಾಗೆ ಮುರಿದು ಉದುರಿತು.

“ನೋಡವಾ, ಬೆರಳ ಒಳಗ ಹೋಗಾಕತ್ತೈತಿ. ಹೊಸಾ ಪೈಪ್ ಹಾಕಿ ಏನ್ ಮಾಡೂದು?”

“ಅವ್ರು ಬರ್ಲಿ, ತಡೀರಿ ಮಾವಾರ.”

“ಅಂವ ಬಂದ್ರ ಗಾಡಿ ಕೊಡಾಕ ಬಿಡಂಗಿಲ್ಲ.”

ಇನ್ನೊಮ್ಮೆ ಬಣ್ಣ ಬಳಿದು ಕೊಡಿ, ಒಳ್ಳೆಯ ಗಿರಾಕಿ ತರುತ್ತೇನೆ ಎಂದು ಏಜೆಂಟನೊಬ್ಬ ಮೊದಲೇ ಹೇಳಿಟ್ಟಿದ್ದ. ಮಾವ ಅವನ ಹತ್ತಿರ ಹೋಗಲಿಲ್ಲ. ಇನ್ನೊಬ್ಬರ ಮಗ ಇದರಲ್ಲಿ ಕೂರಬೇಕೇನು ಎಂದು ನನ್ನನ್ನೇ ಕೇಳಿ, ಗುಜರಿಯವನನ್ನು ಕರೆಸಿದರು. ಅವನು ಕೊಟ್ಟದ್ದು ಏಜೆಂಟ ಹೇಳಿದ್ದರ ಕಾಲು ಭಾಗವೂ ಇರಲಿಲ್ಲ. ಗಾಡಿಯ ಮುಂದಿನ ಹೂಮಾಲೆ ಬಿಚ್ಚಿ, ಅರಿಷಿಣ ಕುಂಕುಮ ಒರೆಸಿ ಕೀಲಿ ಕೊಟ್ಟರು. ಗಾಡಿ ಓಣಿ ದಾಟಿದ ಮೇಲೆ ಕಟ್ಟೆಯ ಮೇಲೆ ಕೂತರು.

“ಜೀವಮಾನದಾಗ ಒಂದ ಎತ್ತೂ ಕಟುಕರ ಕೈಗೆ ಕೊಟ್ಟಾಂವಲ್ಲ ನಾ. ಇದನ್ನ ಕೊಟ್ಟೆ.”

ಅವರು ಅತ್ತರು. ನನ್ನ ಮನಸ್ಸು ಮರಗಟ್ಟಿತ್ತು, ಒಳಗೆ ಹೋಗಿ ಅನ್ನಕ್ಕಿಟ್ಟೆ.

ಊರಿನಿಂದ ಬಂದ ಗಂಡ ಕೂಗಾಡಲಿಲ್ಲ. ಯಾರನ್ನು ಕೇಳಿ ಕೊಟ್ಟಿರಿ ಎಂದು ಒಂದೇ ಮಾತು ಕೇಳಿದರು.

“ಯಾರನ್ನೂ ಕೇಳಿಲ್ಲೋ. ನೀ ಬೈ.”

ಅವರು ಬೈಯಲೂ ಇಲ್ಲ. ಮಾತು ಬಿಟ್ಟರು. ಕುಂಡಯಿಯ ಕಾರ್ಖಾನೆಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು. ಊಟಕ್ಕೆ ಕರಿ, ಗುಳಿಗೆ ತಗೊಂಡರೇನು ಕೇಳು, ಎಲ್ಲವೂ ನನ್ನ ಮುಖಾಂತರವೇ. ಒಂದೇ ಖೋಲಿಯಲ್ಲಿ ಕೂತ ತಂದೆ ಮಗನ ನಡುವೆ ನಾನು ಟಪಾಲಿನವಳಾದೆ. ಮಾವ ಒಮ್ಮೆಯೂ ತಾನು ಮಾಡಿದ್ದು ಸರಿ ಎಂದು ವಾದಿಸಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಮಗ ಹೆಗಲು ಕೊಟ್ಟರು, ಮೊದಲ ಹಿಡಿ ಮಣ್ಣು ಹಾಕಿದರು, ದಿನಕಾರ್ಯ ಮುಗಿಸಿ ಡ್ಯೂಟಿಗೆ ಹೋದರು. ಅವರ ಕಣ್ಣು ಒಣಗಿಯೇ ಇತ್ತು, ನನ್ನದೂ.

ಗಾಡಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಇನ್ನೆರಡು ವರ್ಷ ಓಡುತ್ತಿತ್ತು ಎಂದು ಗಂಡ ಇವತ್ತಿಗೂ ಅನ್ನುತ್ತಾರೆ. ಇದ್ದರೂ ಇರಬಹುದು. ಘಾಟಿನಲ್ಲಿ ಆಗದೆ ಹೋದದ್ದಕ್ಕೆ ನಾನು ಎಲ್ಲಿಂದ ಸಾಕ್ಷಿ ತರಲಿ? ಸಂಜೆ ಕಂಪನಿಯ ಬಸ್ಸು ಓಣಿಯ ತುದಿಯಲ್ಲಿ ನಿಲ್ಲುತ್ತದೆ. ಇವರು ಇಳಿದು ಬಂದು, ಕಾಲು ತೊಳೆದು ತಾಟಿನ ಮುಂದೆ ಕೂರುತ್ತಾರೆ. ಇವರು ಉಂಡು ಏಳುವವರೆಗೂ ನಾನು ಎದುರಿಗೆ ಕೂತು ನೋಡುತ್ತಿರುತ್ತೇನೆ.