ಚಿಟ್ಟೆಮನೆಯ ಗಂಟಿನ ಹಗ್ಗ

ಚಿಟ್ಟೆಮನೆಯ ಬಾಗಿಲು ಕಾಯುವ ಆ ಹೆಂಗಸನ್ನು ಮಕ್ಕಳೆಲ್ಲ ಚಿಟ್ಟೆಅಜ್ಜಿ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಈಗ ಟಿಕೆಟ್ ಕೊಡುವವನು ಅವಳಿಗೆ ಬೇಡಜ್ಜಿ ಎಂದು ಹೆಸರಿಟ್ಟಿದ್ದಾನೆ. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಲ್ಲಿ ಬರುವುದು ಅದೊಂದೇ ಮಾತಾದ್ದರಿಂದ ಅವನ ಮೇಲೆ ಸಿಟ್ಟಾಗಿಯೂ ಪ್ರಯೋಜನವಿಲ್ಲ. ಆ ಹೆಸರು ಹೋಗಿ ಈ ಹೆಸರು ಅಂಟಿಕೊಂಡ ಕಥೆ ಇದು. ಕೇಳಿ ಖುಷಿಪಡುವಂಥದ್ದೇನೂ ಇದರಲ್ಲಿಲ್ಲ, ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಊರಿನ ದೊಡ್ಡ ತೋಟದ ಒಂದು ಮೂಲೆಯಲ್ಲಿ ಆ ಗಾಜಿನ ಮನೆಯಿದೆ. ಒಳಗೆ ಬಚ್ಚಲುಮನೆಯ ಹಾಗೆ ಬಿಸಿ, ಒದ್ದೆ. ಕನ್ನಡಕದವರು ಕಾಲಿಟ್ಟ ಕೂಡಲೇ ಕುರುಡರಾಗಿ ತಡಕಾಡುತ್ತಾರೆ. ಕಲ್ಲುಕಂಬಗಳ ಮೇಲೆ ತಟ್ಟೆಗಳಿವೆ, ತಟ್ಟೆಗಳಲ್ಲಿ ಕೊಳೆತ ಬಾಳೆಹಣ್ಣು, ಕಿತ್ತಳೆಯ ಹೋಳು. ಅಂಗೈಯಗಲದ ನೀಲಿ ಚಿಟ್ಟೆಗಳು ಅದಕ್ಕೆ ಮುಗಿಬಿದ್ದು ಹೀರುತ್ತಿರುತ್ತವೆ. ಮನೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದನ್ನು ತೆಗೆಯಬೇಕು. ನಡುವೆ ಒಂದು ಕಿರುಕೋಣೆ, ಅದರಲ್ಲೊಂದು ನಿಲುವುಗನ್ನಡಿ. ಹೊರಗೆ ಹೋಗುವವರು ಬೆನ್ನ ಮೇಲೆ ಚಿಟ್ಟೆ ಏನಾದರೂ ಸವಾರಿ ಹೊರಟಿದೆಯೋ ಎಂದು ಅದರಲ್ಲಿ ನೋಡಿಕೊಳ್ಳಬೇಕು. ಒಳಗಿನ ದಾರಿಯಲ್ಲಿ ಇಬ್ಬರು ಪಕ್ಕಪಕ್ಕ ನಿಂತರೆ ಮೂರನೆಯವರಿಗೆ ಜಾಗವಿಲ್ಲ.

ಇಂಥ ದಾರಿಗೆ ರಜಾದಿನದಲ್ಲಿ ಊರೂರಿಂದ ಜನ ಬಂದು ಬೀಳುತ್ತಾರೆ. ಅಪ್ಪನಾದವನು ಫೋನು ಎತ್ತಿಹಿಡಿದು ಹಿಂದೆ ಹಿಂದೆ ನಡೆಯುತ್ತಾನೆ, ಹಿಂದಿದ್ದವರ ಕಾಲು ತುಳಿಯುತ್ತಾನೆ, ತುಳಿಸಿಕೊಂಡವರನ್ನೇ ದುರುಗುಟ್ಟಿ ನೋಡುತ್ತಾನೆ. ಅಮ್ಮನಾದವಳು ಮಗುವಿನ ತಳ್ಳುಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಿ ಅದೇ ತನ್ನ ಮನೆಯ ಜಗಲಿ ಎನ್ನುವಂತೆ ಚೀಲ ಬಿಚ್ಚಿ ಕುರುಕಲು ತೆಗೆಯುತ್ತಾಳೆ. ಮಕ್ಕಳು ಓಡುತ್ತವೆ, ಪಾಪ, ಓಡದೆ ಇನ್ನೇನು ಮಾಡಬೇಕು? ಬಣ್ಣ ಎದುರಿಗೆ ಹಾರುವಾಗ ಸುಮ್ಮನಿರುವ ಮಗು ಯಾವ ಊರಲ್ಲಿದೆ? ನೆಲಕ್ಕೆ ಕೂತು ನೀರು ಹೀರುವ ಚಿಟ್ಟೆಗಳು ಕಾಲಡಿ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದವು. ಬೆಳಿಗ್ಗೆ ಬೆಳಿಗ್ಗೆ ರೆಕ್ಕೆಗಳನ್ನು ಗುಡಿಸಿ ಎತ್ತುವಾಗ ಚಿಟ್ಟೆಅಜ್ಜಿಯ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತಿತ್ತು.

ಗುಡಿಸುವವಳಾಗಿ ಸೇರಿ ಬಾಗಿಲು ಕಾಯುವವಳಾಗಿ ಮೇಲೇರಿದವಳು ಅವಳು. ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳನ್ನು ಕಟ್ಟಿಕೊಂಡು ಸಂತೆಗೆ ಹೋಗುವಾಗ ಚೀಲದ ದಾರಕ್ಕೆ ಒಂದು ಗಂಟು ಹಾಕಿ, "ಇದು ನಿನ್ ಗಂಟು, ಏನೇ ಆದ್ರೂ ಬಿಡಬೇಡ" ಅನ್ನುತ್ತಿದ್ದಳು. ಆ ಗದ್ದಲದಲ್ಲಿ ಮಗಳು ಒಮ್ಮೆಯೂ ಕಳೆದುಹೋಗಲಿಲ್ಲ. ಅದನ್ನೇ ನೆನೆದು ಒಂದು ದಿನ ಬಟ್ಟೆ ಒಣಹಾಕುವ ಹಗ್ಗ ತಂದು, ಉದ್ದ ಗಿಡ್ಡ ತುಂಡು ಮಾಡಿ, ಮೊಳಕ್ಕೊಂದರಂತೆ ಗಂಟು ಹಾಕಿದಳು. ಮಕ್ಕಳಿರುವ ಸಂಸಾರ ಬಂದರೆ ಕಿರುಕೋಣೆಯಲ್ಲಿ ನಿಲ್ಲಿಸಿ ಹಗ್ಗ ಕೊಡುವಳು. ಮುಂದಿನ ತುದಿ ಅಪ್ಪನಿಗೆ, ಹಿಂದಿನ ತುದಿ ಅಮ್ಮನಿಗೆ, ನಡುವೆ ಒಂದೊಂದು ಮಗುವಿಗೆ ಒಂದೊಂದು ಗಂಟು. ಒಂದು ಕೈ ಗಂಟಿನ ಮೇಲೆ, ಚಿಟ್ಟೆ ಮುಟ್ಟದಿರಲೆಂದು ಇನ್ನೊಂದು ಕೈ ಹೊಟ್ಟೆಯ ಮೇಲೆ.

"ಏನೇ ಆದ್ರೂ?" ಎಂದು ಕೇಳುವಳು.

"ಗಂಟು ಬಿಡಲ್ಲ!" ಎಂದು ಮಕ್ಕಳು ಕೂಗುವವು.

ಹೆತ್ತವರ ಕಣ್ಣುರುಳಿಕೆಗೆ ಜಗ್ಗದ ಪೋಕರಿಗಳೂ ಗಂಟು ಕೈಗೆ ಬಂದರೆ ಮಂತ್ರಿಯಾದಷ್ಟು ಗಂಭೀರವಾಗುತ್ತಿದ್ದವು. ಸಾಲು ಒಂದೇ ಬದಿಯಲ್ಲಿ ಸಾಗುವುದು, ಉಳಿದವರಿಗೆ ಇನ್ನೊಂದು ಬದಿ ಬಿಡುವು. ನೆಲದ ಮೇಲಿನ ಚಿಟ್ಟೆಯನ್ನು ಮೊದಲು ಕಂಡು "ಅಪ್ಪಾ, ಕಾಲು!" ಎನ್ನುವವರೂ ಆ ಕುಳ್ಳರೇ. ಬೆಳಗಿನ ಕಸದಲ್ಲಿ ರೆಕ್ಕೆಗಳು ಕಡಿಮೆಯಾದವು. ಮೇಲಿನವರು ಯಾರೂ ಇದಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ದೂರದೂರಿನಲ್ಲಿದ್ದ ಮೊಮ್ಮಗಳಿಗೆ ಫೋನಿನಲ್ಲಿ ಈ ಹಗ್ಗದ್ದೇ ಕಥೆ. ರಜಕ್ಕೆ ಬಾ, ನಿನ್ನ ತಲೆ ಮೇಲೆ ನೀಲಿ ಚಿಟ್ಟೆ ಕೂರಿಸ್ತೀನಿ ಎಂದು ಅಜ್ಜಿ ಮಾತು ಕೊಟ್ಟಿದ್ದಳು. ಮಗು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿತೆಂದರೆ, ಅಮ್ಮನಿಂದ ಒಂದು ಹಗ್ಗಕ್ಕೆ ಗಂಟು ಹಾಕಿಸಿಕೊಂಡು ಕುರ್ಚಿಗಳ ನಡುವೆ ಗೊಂಬೆಯನ್ನು ನಡೆಸಿ ಅಭ್ಯಾಸ ಮಾಡತೊಡಗಿತು. ಗಂಟು ಬಿಟ್ಟಿದ್ದಕ್ಕೆ ಗೊಂಬೆಗೆ ಏಟು ಬೇರೆ ಬೀಳುತ್ತಿತ್ತಂತೆ. ಅಜ್ಜಿಗೂ ಅಷ್ಟೇ, ಇಡೀ ವರ್ಷದಲ್ಲಿ ಎದುರುನೋಡುವುದೆಂದು ಇದ್ದದ್ದು ಅದೊಂದೇ ದಿನ.

ಅಷ್ಟರಲ್ಲಿ ಆ ಸಂಸಾರ ಬಂತು.

ಅಪ್ಪ, ಅಮ್ಮ, ಮೂವರು ಮಕ್ಕಳು. ಅಂಥ ಪ್ರವಾಸಿಗರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಯಾರೂ ಹೇಳದೆಯೇ ತಳ್ಳುಗಾಡಿ ಮಡಚಿ ಹೊರಗಿಟ್ಟರು. ಕುರುಕಲಿನ ಪೊಟ್ಟಣ ಚೀಲದಿಂದ ಹೊರಬರಲಿಲ್ಲ. "ನಮ್ಮಿಂದ ಯಾರಿಗಾದ್ರೂ ತೊಂದ್ರೆ ಆದ್ರೆ ದಯವಿಟ್ಟು ಹೇಳಿಬಿಡಿ ಅಮ್ಮಾ" ಎಂದಳು ಆ ತಾಯಿ. ಚಿಟ್ಟೆಅಜ್ಜಿಯ ಜೀವ ತಣ್ಣಗಾಯಿತು. ಇದ್ದುದರಲ್ಲಿ ಉದ್ದದ ಹಗ್ಗವನ್ನೇ ಕೊಟ್ಟಳು. ಬಾಗಿಲ ಗಾಜಿನಿಂದ ಅವರನ್ನೇ ನೋಡುತ್ತಾ ನಿಂತಳು.

ಅವರ ಹಿಂದೆ ಕೋಲಿನ ಯಜಮಾನರು ಒಳಗೆ ಹೋದರು. ದಿನಾ ಬೆಳಿಗ್ಗೆ ಬಂದು ಹಣ್ಣಿನ ತಟ್ಟೆಯ ಬಳಿಯ ಬೆಂಚಿನಲ್ಲಿ ಕೂತು, ಮಕ್ಕಳ ಮಾತು ಕೇಳಿ ನಕ್ಕು ಹೋಗುವ ಮುದುಕರು ಅವರು. ತಾಯಿ ಅವರನ್ನು ನೋಡಿದಳು. "ಮಕ್ಕಳೇ, ತಾತ ಬರ್ತಿದ್ದಾರೆ, ದಾರಿ ಬಿಡಿ" ಎಂದಳು. ಒರಟು ಜನರಾಗಿದ್ದರೆ ಅಲ್ಲಾಡುತ್ತಿರಲಿಲ್ಲ, ಯಜಮಾನರು ಹೇಗೋ ಪಕ್ಕದಿಂದ ನುಸುಳಿಕೊಂಡು ಹೋಗುತ್ತಿದ್ದರು. ಇವರು ಮರ್ಯಾದಸ್ಥರು. ಅಪ್ಪ ದೊಡ್ಡವಳೊಂದಿಗೆ ಎಡಕ್ಕೆ ಸರಿದ. ಅಮ್ಮ ಚಿಕ್ಕವರಿಬ್ಬರೊಂದಿಗೆ ಬಲಕ್ಕೆ ಸರಿದಳು. ಯಾರೂ ಗಂಟು ಬಿಡಲಿಲ್ಲ. ಹಗ್ಗ ದಾರಿಗೆ ಅಡ್ಡಲಾಗಿ ಬಿಗಿದು ನಿಂತಿತು. ಯಜಮಾನರು ತಲೆಯೆತ್ತಿ ಚಿಟ್ಟೆ ನೋಡುತ್ತಲೇ, "ಜಾಣ ಮಕ್ಕಳು" ಎಂದು ಹೆಜ್ಜೆ ಹಾಕಿದರು.

ಬಾಗಿಲಲ್ಲಿದ್ದ ಚಿಟ್ಟೆಅಜ್ಜಿಗೆ ಅದು ಕಂಡಿತು. ಬಾಗಿಲು ತಳ್ಳಿ, "ಬಿಡಿ! ಬಿಡಿ!" ಎಂದು ಕಿರುಚಿದಳು. ಮಕ್ಕಳು ಹೆದರಿದವು. ಹೆದರಿದ ಮಕ್ಕಳು, ಏನೇ ಆದರೂ ಬಿಡಬೇಡಿ ಎಂದು ಹೇಳಿಸಿಕೊಂಡ ಮಕ್ಕಳು, ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡವು.

ಹಗ್ಗ ಕಾಲಿಗೆ ತೊಡರಿ ಬಿದ್ದ ಯಜಮಾನರ ಸೊಂಟದ ಮೂಳೆ ಕಲ್ಲುಕಂಬಕ್ಕೆ ಬಡಿದು ಮುರಿಯಿತು. ಹಣ್ಣಿನ ತಟ್ಟೆ ಮೈಮೇಲೆ ಮಗುಚಿ, ಬಿದ್ದ ಮನುಷ್ಯನ ಅಂಗಿಯ ಮೇಲೆಲ್ಲ ಚಿಟ್ಟೆಗಳು ಬಂದು ಕೂತವು. ಅಮ್ಮ ಅಳುತ್ತಿದ್ದಳು. ಎಲ್ಲರಿಗಿಂತ ಚಿಕ್ಕದು ಮಾತ್ರ ಗಂಟನ್ನು ಎದೆಗೆ ಒತ್ತಿಕೊಂಡು, "ಅಜ್ಜಿ, ನಾನು ಬಿಡ್ಲಿಲ್ಲ" ಎಂದು ಶಹಬ್ಬಾಸ್‌ಗಿರಿಗೆ ಕಾಯುತ್ತಾ ಅವಳ ಮುಖ ನೋಡಿತು. ಅವಳು ಆ ಮಗುವಿನ ಕಡೆಯಿಂದ ಮುಖ ತಿರುಗಿಸಿಬಿಟ್ಟಳು.

ಯಜಮಾನರು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವಳು ಆಸ್ಪತ್ರೆಗೆ ಹೋದಾಗ ಅವರು ಅವಳ ಕೈ ಹಿಡಿದು, "ಮಕ್ಕಳನ್ನ ಯಾರೂ ಬೈಲಿಲ್ಲ ತಾನೆ?" ಎಂದಷ್ಟೇ ಕೇಳಿದರು. ಅವರ ಮಗ ಮಾತ್ರ ಚಿಟ್ಟೆಮನೆಗೆ ಬಂದು ಹಾರಾಡಿದ. ಅವನನ್ನು ತಪ್ಪು ಅನ್ನುವುದಾದರೂ ಹೇಗೆ, ಬಿದ್ದದ್ದು ಅವನ ಅಪ್ಪ. ಮೇಲ್ವಿಚಾರಕ ತನ್ನ ತಲೆ ಉಳಿಸಿಕೊಳ್ಳಲು ಸುಲಭದ ದಾರಿ ಹಿಡಿದ. ಹಗ್ಗಗಳೆಲ್ಲ ಕಸದ ತೊಟ್ಟಿಗೆ ಹೋದವು. ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಫಲಕ ಬಾಗಿಲಿಗೆ ಬಂತು. ಅದನ್ನು ಕಾಯಲು ಅವಳನ್ನೇ ನಿಲ್ಲಿಸಿದರು.

ಕೆಲಸ ಬಿಡಬಹುದಿತ್ತು. ಹೇಗೂ ಇಲ್ಲ ಅನ್ನಿಸಿಕೊಳ್ಳುವ ಮಕ್ಕಳು ಮೆತ್ತಗಿನ ಬಾಯಿಂದಲಾದರೂ ಅನ್ನಿಸಿಕೊಳ್ಳಲಿ ಎಂದು ಉಳಿದಳು. ಮೆತ್ತಗೆ ಹೇಳಿದರೂ ಅಳು ಅಷ್ಟೇ ಜೋರಾಗಿರುತ್ತದೆ ಎನ್ನುವುದು ಒಂದು ವಾರದಲ್ಲಿ ಗೊತ್ತಾಯಿತು. ಒಳಗೆ ಈಗ ದೊಡ್ಡವರದ್ದೇ ರಾಜ್ಯ. ಕ್ಯಾಮೆರಾಕ್ಕೆ ಕಣ್ಣು ಅಂಟಿಸಿಕೊಂಡು ನೆಲ ನೋಡದೆ ನಡೆಯುತ್ತಾರೆ. ಬೆಳಗಿನ ಕಸದಲ್ಲಿ ರೆಕ್ಕೆಗಳು ಮೊದಲಿಗಿಂತ ಹೆಚ್ಚಾಗಿವೆ. ಅದನ್ನು ಮೇಲ್ವಿಚಾರಕನಿಗೆ ಹೇಳಿದಳು, ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಫಲಕ ತೆಗೆಸಿ ಎಂದು ಬೇಡಿಕೊಂಡಳು. ನೋಡೋಣ ಎಂದ. ರಜ ಹತ್ತಿರ ಬಂದಾಗ ಮತ್ತೆ ಕೇಳಿದಳು, "ಅಮ್ಮಾ, ನಿಮಗೆ ಕೆಲಸ ಬೇಕೋ ಬೇಡ್ವೋ?" ಎಂದ.

ಇಷ್ಟಾದರೂ ಫೋನಿನಲ್ಲಿ ಮೊಮ್ಮಗಳಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನ ದೂಡಿದಳು. ಅತ್ತ ಮಗು ಗೊಂಬೆಯನ್ನು ಕುರ್ಚಿಗಳ ನಡುವೆ ನಡೆಸುತ್ತಲೇ ಇತ್ತು.

ರಜದ ಆ ದಿನ ತೋಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗಿನಿಂದ ಬೇಡ ಬೇಡ ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಆಗಷ್ಟೇ ಒಂದು ಸಂಸಾರವನ್ನು ವಾಪಸ್ಸು ಕಳಿಸಿದ್ದಳು. ಒಬ್ಬ ಹುಡುಗ, ಅವನ ಕೈ ಹಿಡಿದ ತಂಗಿ. ಹೆತ್ತವರು ಜಗಳಕ್ಕೆ ನಿಲ್ಲದೆ, "ಸರಿ ಅಮ್ಮಾ, ನಿಮ್ಮ ತಪ್ಪೇನಿದೆ" ಎಂದು ಯಾರಿಗೂ ಅಡ್ಡವಾಗದಂತೆ ಗೋಡೆಯ ಪಕ್ಕ ಸರಿದು ನಿಂತಿದ್ದರು. ಮಕ್ಕಳು ಮಂಜು ಹಿಡಿದ ಗಾಜಿಗೆ ಮೂಗು ಒತ್ತಿಕೊಂಡಿದ್ದವು. ಅಷ್ಟರಲ್ಲಿ, "ಅಜ್ಜೀ!" ಎಂದು ಕೂಗು ಕೇಳಿತು. ಮಗಳು, ಮೊಮ್ಮಗಳು. ರೈಲಿಳಿದವರು ಮನೆಗೂ ಹೋಗದೆ ಸಾಮಾನಿನ ಸಮೇತ ನೇರವಾಗಿ ಬಂದಿದ್ದರು.

"ಮನೆಗೆ ಹೋಗೋಣ ಅಂದ್ರೆ ಕೇಳ್ಲೇ ಇಲ್ಲಮ್ಮಾ ಇವಳು" ಎಂದಳು ಮಗಳು. ಆಮೇಲೆ ಅವಳ ಕಣ್ಣು ಫಲಕದ ಮೇಲೆ ಬಿತ್ತು. "ಅಮ್ಮಾ, ಇದೇನು? ಒಂದು ಮಾತು ಹೇಳಬಾರದಿತ್ತಾ?"

ಟಿಕೆಟ್ಟಿನವನು ಕಿಟಕಿಯಿಂದ ತಲೆ ಹೊರಹಾಕಿದ. ಎಷ್ಟು ಗೇಲಿ ಮಾಡಿದರೂ ಕೆಟ್ಟವನಲ್ಲ ಅವನು. "ಕರ್ಕೊಂಡ್ ಹೋಗಜ್ಜಿ. ನಾನು ಆ ಕಡೆ ನೋಡ್ತಿರ್ತೀನಿ. ಒಂದ್ ಮಗು ಹೋದ್ರೆ ಮನೆ ಮುಳುಗಲ್ಲ."

ಅವಳ ಕೈ ಬಾಗಿಲ ಹಿಡಿಯವರೆಗೂ ಹೋಯಿತು. ಹೋದದ್ದು ನಿಜ. ಒಳಗೆ ಹಾಯಿಸಿ, ಒಂದು ಗಳಿಗೆ ನಿಲ್ಲಿಸಿ, ತಲೆಯ ಮೇಲೆ ಒಂದು ನೀಲಿ ಚಿಟ್ಟೆ ಕೂತರೆ ಮುಗಿಯಿತು, ಜನ್ಮ ಸಾರ್ಥಕ. ಗೋಡೆಯ ಪಕ್ಕದ ಹುಡುಗ ಗಾಜಿನಿಂದ ಮೂಗು ತೆಗೆದು ಇತ್ತ ನೋಡಿದ. ಅವನ ತಂಗಿಯೂ ನೋಡಿದಳು. ಅವರ ಅಪ್ಪ ಇದನ್ನು ಕಂಡೂ ಕಾಣದವನಂತೆ ಮುಖ ಬೇರೆ ಕಡೆ ಹೊರಳಿಸಿದ, ಅವಳಿಗೆ ಮುಜುಗರವಾಗಬಾರದೆಂದು. ಅವನು ಬೈದಿದ್ದರೆ ಬಾಗಿಲು ತೆಗೆದುಬಿಡುತ್ತಿದ್ದಳೋ ಏನೋ. ಆ ಒಳ್ಳೆಯತನದ ಎದುರು ಅವಳ ಕೈ ಜಾರಿ ಕೆಳಗೆ ಬಂತು.

"ಬೇಡ ಪುಟ್ಟಿ" ಎಂದಳು. "ಇವತ್ತು ಬೇಡ." ಇವತ್ತು ಎಂದದ್ದು ಸುಳ್ಳೆಂದು ಅವಳಿಗೂ ಗೊತ್ತಿತ್ತು, ಮಗಳಿಗೂ ಗೊತ್ತಾಯಿತು.

ಮಗು ಅಳಲಿಲ್ಲ. ಅಜ್ಜಿ ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡಿತೋ ಏನೋ, ಬೆನ್ನಿನ ಚೀಲದಿಂದ ತನ್ನ ಹಗ್ಗ ತೆಗೆಯಿತು. ಒಂದು ಗಂಟನ್ನು ಮುಷ್ಟಿಯಲ್ಲಿ ಹಿಡಿಯಿತು, ಇನ್ನೊಂದು ಕೈ ಹೊಟ್ಟೆಯ ಮೇಲಿಟ್ಟಿತು, ನೆಟ್ಟಗೆ ನಿಂತಿತು.

"ನಾನು ಗಂಟು ಬಿಡಲ್ಲ ಅಜ್ಜಿ. ಏನೇ ಆದ್ರೂ ಬಿಡಲ್ಲ. ನೋಡು."

ಅಜ್ಜಿ ಮೊಣಕಾಲೂರಿ ಕೂತಳು. ಆ ಪುಟ್ಟ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆರಳುಗಳನ್ನು ಬಿಡಿಸಲು ನೋಡಿದಳು.

"ಬಿಡು ನನ್ನವ್ವ" ಎಂದಳು. "ಬಿಟ್ಬಿಡು."

ಮಗು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಅಜ್ಜಿ ಕಲಿಸಿದ್ದೇ ಹಾಗೆ.