ಕಡಲೆಕಾಯಿ ಕದ್ದ ಅತ್ತೆ, ಉದ್ದಕ್ಕೆ ಬಿದ್ದ ಸೊಸೆ

ಹೋದ ಸೋಮವಾರ ಬೆಳಗ್ಗೆ ನಮ್ಮ ಮನೆಯಲ್ಲೊಂದು ಕಳ್ಳತನ ಪತ್ತೆಯಾಯಿತು. ಕಳುವಾದದ್ದು ಇಪ್ಪತ್ತೆಂಟು ಕಡಲೆಕಾಯಿ. ಕದ್ದವರು ನಮ್ಮ ಅತ್ತೆ.

ನಗಬೇಡಿ. (ಊರೆಲ್ಲ ಕಡಲೆಕಾಯಿ ಬೆಳೆಯುವ ಶಿರಾದಲ್ಲಿ ಕೂತು ಕಡಲೆಕಾಯಿ ಕಳುವಾಯಿತೆಂದು ಗೋಳಾಡುವವಳು ನಾನೊಬ್ಬಳೇ ಇರಬೇಕು.) ಆ ಕಾಯಿಗಳನ್ನು ನಂಬಿಕೊಂಡೇ ನನ್ನ ನಿದ್ದೆ, ನನ್ನ ಕೆಲಸ ಎರಡೂ ಉಳಿದಿದ್ದವು.

ನನಗೀಗ ಐವತ್ತೊಂದು. ಮುಟ್ಟು ನಿಲ್ಲುವ ಕಾಲ. ಕಳೆದ ವರ್ಷ ನಿದ್ದೆ ಕೈಕೊಟ್ಟಿತು. ಎಡಭುಜ ಬಿಗಿದುಕೊಂಡು ಕೈ ಮೇಲೇಳದೆ, ಜಡೆ ಹಾಕಿಸಿಕೊಳ್ಳಲು ಚಿಕ್ಕ ಹುಡುಗಿಯ ಹಾಗೆ ಅತ್ತೆಯ ಮುಂದೆ ಕೂರುವಂತಾಯಿತು. ಕಾರಣವಿಲ್ಲದೆ ಅಳು, ಕಾರಣವಿಲ್ಲದೆ ಸಿಟ್ಟು. ಹುಲಿಕುಂಟೆ ಕಡೆಯ ಶಾಲೆಯಲ್ಲಿ ನಾನು ಟೀಚರ್. ಒಂದು ದಿನ ನಾನು ಹತ್ತಿರ ಹೋದೊಡನೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದಳು. ಹೊಡೆಯುತ್ತೇನೆ ಅಂದುಕೊಂಡಿದ್ದಳು! ನನಗೆ ನಾಚಿಕೆಯಾಯಿತು. ಅವತ್ತೇ ಸ್ವಯಂನಿವೃತ್ತಿ ಅರ್ಜಿ ಬರೆದು ಬ್ಯಾಗಿಗೆ ಹಾಕಿಕೊಂಡೆ.

ಡಾಕ್ಟರು ಮಾತ್ರೆ ಬರೆದರು, ದಿನಾ ಮೈ ಬಗ್ಗಿಸಿ ಅಂದರು. ಹೇಗೆ ಬಗ್ಗಿಸಬೇಕೆಂದು ಹೇಳಿಕೊಟ್ಟವಳು ಪದ್ಮ. ನಮ್ಮ ಶಾಲೆಯ ಟೀಚರ್, ಪಾವಗಡದವಳು. ಬೌದ್ಧ ಧ್ಯಾನ ಶಿಬಿರಕ್ಕೆ ಹೋಗಿ ನಮಸ್ಕಾರ ಧ್ಯಾನ ಕಲಿತು ಬಂದಿದ್ದಳು.

“ಆ ಅರ್ಜಿ ಮೂರು ತಿಂಗ್ಳು ಬ್ಯಾಗಲ್ಲೇ ಇರ್ಲಿ ಅಕ್ಕಾ. ಅಷ್ಟರೊಳಗೆ ನೆಲಕ್ಕೆ ಬೀಳೋದು ಕಲೀರಿ” ಅಂದಳು.

ಕೈಮುಗಿದು ನಿಲ್ಲುವುದು. ಮಂಡಿಯೂರಿ, ಅಂಗೈ ಊರಿ, ಮುಂದಕ್ಕೆ ಜಾರಿ ಉದ್ದಕ್ಕೆ ಮಲಗುವುದು. ಹಣೆ ನೆಲಕ್ಕೆ. ಮತ್ತೆ ಏಳುವುದು. ಹೀಗೆ ನೂರೆಂಟು ಸಲ.

“ಬುದ್ಧನ್ನ ಏನು ಕೇಳ್ಕೋಬೇಕು?” ಅಂದೆ.

“ಏನೂ ಇಲ್ಲಕ್ಕಾ. ‘ನಾನು, ನಂದು’ ಅನ್ನೋದನ್ನ ಕೆಳಗಿಟ್ಟು ಏಳೋದು, ಅಷ್ಟೇ.”

ಲೆಕ್ಕಕ್ಕೆ ಜಪಮಣಿ ಎಲ್ಲಿಂದ ತರಲಿ? ಮನೆಯಲ್ಲಿ ಮೂಟೆ ಕಡಲೆಕಾಯಿ ಇತ್ತು. ಎರಡು ತಟ್ಟೆ ಇಟ್ಟುಕೊಂಡೆ. ಒಂದು ನಮಸ್ಕಾರಕ್ಕೆ ಒಂದು ಕಾಯಿ ಈ ತಟ್ಟೆಯಿಂದ ಆ ತಟ್ಟೆಗೆ. ದಿನಾ ಎಣಿಸಿ ತುಂಬಿದ ಮೊದಲ ತಟ್ಟೆ ಖಾಲಿಯಾದರೆ ಮುಗಿಯಿತು, ಎರಡನೆಯದನ್ನು ಎಣಿಸದೆ ಮೂಟೆಗೆ ಸುರಿಯುತ್ತಿದ್ದೆ. ಒಂಬತ್ತರಿಂದ ಶುರುಮಾಡಿ, ತಿಂಗಳು ಕಳೆಯುವಷ್ಟರಲ್ಲಿ ನೂರೆಂಟಕ್ಕೆ ಬಂದೆ.

ಅತ್ತೆ ಮೊದಲ ದಿನವೇ ಹೌಹಾರಿದ್ದರು. “ಹೆಣ್ಮಕ್ಳು ಇಂಗೆ ಉದ್ದುಕ್ಕೆ ಬೀಳಬಾರ್ದು ಕಣಮ್ಮ! ಎದೆ, ಒಡ್ಲು ನೆಲುಕ್ಕೆ ತಾಗುದ್ರೆ ಭೂಮ್ತಾಯಿ ತಡಕಳಾಕಿಲ್ಲ!”

ನಿಜ, ನಮ್ಮಲ್ಲಿ ಉದ್ದಂಡ ನಮಸ್ಕಾರ ಗಂಡಸರದ್ದು. ನಾವು ಮಂಡಿಯೂರಿ ತಲೆ ಬಾಗಿಸಿದರೆ ಸಾಕು. ನಾನು ಅವರ ಮಾತು ಕೇಳಲಿಲ್ಲ. ಅವರೂ ಜಗ್ಗಲಿಲ್ಲ. ದಿನಾ ತಟ್ಟೆಗಳ ಪಕ್ಕದಲ್ಲೇ ಕಾವಲಿಗೆ ಕೂತರು.

ಏನಾಯಿತು ಅಂತೀರಾ? ಮೊದಲ ವಾರ ಮಂಚದ ಕೆಳಗಿನ ಕಸ ಕಂಡಿತು, ಅಷ್ಟೇ. ಎರಡನೇ ವಾರ ಒಂದು ದಿನ ಹಣೆ ನೆಲಕ್ಕಿಟ್ಟವಳಿಗೆ ಅಳು ಬಂತು, ಜೋರಾಗಿ ಅತ್ತುಬಿಟ್ಟೆ. ಆ ಅರ್ಧ ಗಂಟೆ ಯಾರಿಗೂ ನನ್ನಿಂದ ಕಾಫಿ ಬೇಕಿರಲಿಲ್ಲ, ಸಹಿ ಬೇಕಿರಲಿಲ್ಲ, ಉತ್ತರ ಬೇಕಿರಲಿಲ್ಲ. ಎಷ್ಟು ವರ್ಷವಾಗಿತ್ತು ಹಾಗೆ ಸುಮ್ಮನೆ ಬಿದ್ದುಕೊಂಡು! ಆಮೇಲೆ ನಿದ್ದೆ ಬಂತು. ಭುಜ ಸಡಿಲವಾಗಿ, ಜಡೆ ನಾನೇ ಹಾಕಿಕೊಂಡೆ. (ಮಾತ್ರೆ ಬಿಟ್ಟಿಲ್ಲ. ನೀವೂ ಡಾಕ್ಟರನ್ನು ಕೇಳದೆ ಬಿಡಬೇಡಿ.) ಸ್ಲೇಟಿನ ಹುಡುಗಿ ಈಗ ನನ್ನ ಸೆರಗು ಹಿಡಿದು ಎಳೆಯುತ್ತಾಳೆ. ಅರ್ಜಿ ಹರಿದು ಹಾಕಿದೆ.

ಹಾಗಿರುವಾಗ ಬಂತು ಸೋಮವಾರ. ಮೊದಲ ತಟ್ಟೆ ಖಾಲಿಯಾಗಿದೆ, ಎರಡನೆಯದು ಮಾತ್ರ ತುಂಬಿದಂತೆ ಕಾಣಲಿಲ್ಲ. ಎಣಿಸಿದೆ. ಎಂಬತ್ತು! ತಿರುಗಿ ನೋಡಿದರೆ ಅತ್ತೆಯ ಮಡಿಲು ಉಬ್ಬಿದೆ.

“ಅತ್ತೇ, ಏನಿದು?”

“ನೀನು ಏಳೋವಾಗ ಮಂಡಿ ಲಟಕ್ ಅಂತದೆ ಕಣಮ್ಮ. ನೋಡಕ್ಕಾಯ್ತಿರ್ಲಿಲ್ಲ. ನೀನು ತಲೆ ಕೆಳಗಿಟ್ಟಾಗ ಒಂದೊಂದು ತಕ್ಕಂಬುಟ್ಟೆ.”

“ಇವತ್ತೊಂದು ದಿನಾನಾ?”

“ದಿನಾ.”

“ಆ ಕಾಯೆಲ್ಲ ಏನ್ಮಾಡಿದ್ರಿ?”

“ಚಟ್ನಿ. ನೀನೇ ತಿಂದೆಯಲ್ಲ, ಚೆನ್ನಾಗೈತೆ ಅಂತ.”

ಮಾಡದ ನಮಸ್ಕಾರಗಳನ್ನೆಲ್ಲ ರಾಗಿ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ! ನಗು ಬಂತು. ಆಮೇಲೆ ಕಣ್ಣು ತುಂಬಿತು. ನನ್ನ ಮಂಡಿಯ ಸದ್ದು ನನಗೇ ಕೇಳಿಸಿರಲಿಲ್ಲ. ಮತ್ತೆ ಗದರಿದ್ದರೆ ನಾನು ಹಟಕ್ಕೆ ಬೀಳುತ್ತಿದ್ದೆ ಅಂತ ಅವರಿಗೆ ಗೊತ್ತು. ಬಾಯಿ ಮುಚ್ಚಿಕೊಂಡು ನನ್ನ ನೋವಿನಲ್ಲಿ ಇಪ್ಪತ್ತೆಂಟು ಪಾಲು ಕಡಿಮೆ ಮಾಡಿದ್ದರು. ಪದ್ಮಳಿಗೆ ನಾನು ಋಣಿ, ಬುದ್ಧನಿಗೂ. ಆದರೆ ಈ ಕಳ್ಳಿಗೆ?

ಅವರ ಪಾದದ ಮುಂದೆ ಉದ್ದಕ್ಕೆ ಬಿದ್ದೆ. ಎದೆ, ಒಡಲು, ಹಣೆ, ಎಲ್ಲ ನೆಲಕ್ಕೆ.

“ಅಯ್ಯೋ, ಏಳಮ್ಮ, ಏಳು!” ಅಂತ ಕಾಲು ಹಿಂದಕ್ಕೆಳೆದುಕೊಂಡರು. ಬೈಗುಳ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಬೆನ್ನ ಮೇಲೆ ಅವರ ಒರಟು ಅಂಗೈ ಬಂತು. ಎದ್ದು ನೋಡಿದರೆ ಮಡಿಲಿಂದ ಒಂದು ಕಾಯಿ ತೆಗೆದು ಎರಡನೇ ತಟ್ಟೆಗೆ ಹಾಕುತ್ತಿದ್ದರು.

“ಇದೂ ಲೆಕ್ಕಕ್ಕೆ ಸೇರ್ಲಿ” ಅಂದರು. ಮತ್ತೆ ಮೆಲ್ಲಗೆ, “ಉದ್ದುಕ್ಕೆ ಬಿದ್ರೆ ಬೆನ್ನು ಹಗುರಾಯ್ತದಾ?”

ಎಪ್ಪತ್ತೆಂಟು ವರ್ಷದ ಬೆನ್ನು ಅದು. ಒಂದು ಸಲವೂ ನೆಲಕ್ಕೆ ಹೀಗೆ ಮೈಚೆಲ್ಲಿದ್ದಿಲ್ಲ.

ಹೆಣ್ಣು ಅರ್ಧ ಗಂಟೆ ಉದ್ದಕ್ಕೆ ಮಲಗಿದರೆ ತಡೆದುಕೊಳ್ಳದ ಭೂಮಿ, ಅವಳು ಜೀವಮಾನವಿಡೀ ನಿಂತೇ ದುಡಿದದ್ದನ್ನು ಹೇಗೆ ತಡೆದುಕೊಂಡಿತು?