ಬಂದರು ಬಿಟ್ಟ ಹಡಗುಗಳು

ಹೊಳೆಆಲೂರಿನಿಂದ ಬಂದು ಗಜೇಂದ್ರಗಡದಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ ನನ್ನ ಆಟದ ಜೊತೆಗಾರರೊಬ್ಬರು, ಕಂಪ್ಯೂಟರಿನ ಯುದ್ಧದಾಟದಲ್ಲಿ ಪ್ರತಿ ಸರದಿಗೂ ಮೊದಲು ಅಂಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದರು. ಎಡಗೈಯೋ ಬಲಗೈಯೋ, ಈಗ ನನಗೆ ಖಾತ್ರಿಯಿಲ್ಲ.

ನಾವಿಬ್ಬರೂ ಒಂದೇ ಪಕ್ಷ. ಊರಿನ ಕೋಟೆ ನೋಡುತ್ತ ಬೆಳೆದ ನಾನು ದಂಡನ್ನೆಲ್ಲ ಗುಡ್ಡದ ರಾಜಧಾನಿಗೆ ಹತ್ತಿಸಿ, ಹಡಗುಗಳನ್ನು ಕೆಳಗಿನ ಬಂದರಿನಲ್ಲೇ ಕಾವಲಿಗೆ ನಿಲ್ಲಿಸಿದ್ದೆ. ಶತ್ರು ಸುತ್ತುವರಿದ. ರಾಜಧಾನಿ ಬಿದ್ದರೆ ಸೋತಂತೆ.

“ಹಡಗ ಕಟ್ಟಿ ಹಾಕಾಕ ಅವೇನ ಎಮ್ಮಿ ಏನ್ರಿ? ಹೊರಗ ಬಿಡ್ರಿ” ಅಂದರು.

“ನಮ್ಮೂರ ಕಾಯೋರ ಯಾರ?”

“ಅವನ ಊರ ಹಸದ್ರ ತಾನ ಓಡ್ತಾನ. ದೂರ ನಿಂತ ಹೊಡೀರಿ.” ಯಾವಾಗಲೂ ಅವರದು ಅದೇ ಮಾತು.

ಹಡಗುಗಳು ಶತ್ರುವಿನ ಬಂದರು ಮುಚ್ಚಿ ನಿಂತವು. ಅವನ ಮೀನುಗಾರಿಕೆ, ವ್ಯಾಪಾರ ನಿಂತವು. ಮುಂದಿನ ಸರದಿಗೇ ಅವನ ದಂಡು ಗುಡ್ಡ ಬಿಟ್ಟು ತನ್ನೂರಿನತ್ತ ಹೊರಟಿತು, ಕರಾವಳಿಯುದ್ದಕ್ಕೂ, ನಮ್ಮ ಹಡಗಿನ ತೋಪುಗಳಿಗೆ ಸಿಗುವ ಹಾಗೆ! ನಾನು ಕುರ್ಚಿ ಬಿಟ್ಟು ಎದ್ದಿದ್ದೆ.

ಅವರು ಮೌಸನ್ನು ನನ್ನತ್ತ ತಳ್ಳಿದರು. “ರಾಜಧಾನಿ ನಿಮ್ಮದೈತಿ, ಸರ. ನೀವ ಹೊಡದ ಉಳಿಸ್ರಿ.”